ಅವ್ವ ಹೇಳಿದ ಜೋಮು

‘ಕಾಲು ಜೋಮು ಹಿಡೀತೈತೆ ಕಣಪ್ಪ, ಇರುವೆ ಹರಿದಂಗೆ’ ಅಂದಳು ಅವ್ವ. ಮೇಜಿನ ಆಚೆಗಿದ್ದ ಡಾಕ್ಟರು ಎಳೆ ವಯಸ್ಸಿನವರು, ತಾಳ್ಮೆಯವರು, ಕನ್ನಡ ಬಾರದವರು. ಏನಂತೆ ಎಂಬಂತೆ ನನ್ನ ಮುಖ ನೋಡಿದರು. ಆ ಗಳಿಗೆಯಲ್ಲಿ ನನಗೆ ಜೋಮಿಗೆ ತಮಿಳು ಹೊಳೆಯಲಿಲ್ಲ. ‘ಕಾಲ್ ವಲಿ, ಸಾರ್’ ಅಂದುಬಿಟ್ಟೆ. ಕಾಲು ನೋವು. ಅವರು ನೋವಿನ ಮಾತ್ರೆ ಬರೆದರು. ನನ್ನ ಮಾತನ್ನು ನಂಬಿದ ಯಾವ ಡಾಕ್ಟರಾದರೂ ಅದನ್ನೇ ಬರೆಯುತ್ತಿದ್ದರು.

ಅವ್ವ ಆ ಮಾತ್ರೆಯನ್ನು ಎಂಟು ತಿಂಗಳು ನುಂಗಿದಳು. ಚೀಟಿ ಹಳತಾದ ಮೇಲೂ ಅಂಗಡಿಯಲ್ಲಿ ಹೆಸರು ಹೇಳಿ ತಂದುಕೊಟ್ಟವನು ನಾನೇ. ಜೋಮು ಹೋಗಲಿಲ್ಲ. ಹೊಟ್ಟೆಯ ಉರಿ ಸೇರಿಕೊಂಡಿತು, ಪಾದ ಊದಿತು, ಬಿಪಿ ಏರಿತು. ಕನ್ನಡ ಬಲ್ಲ ನರ್ಸೊಬ್ಬರು ಒಂದು ದಿನ ಅವ್ವನ ಕಾಲು ಮುಟ್ಟಿ ನೋಡುತ್ತಾ, ‘ಜೋಮಾ, ಉರಿಯಾ, ಸೆಳೆತವಾ ಅಜ್ಜಿ?’ ಎಂದು ಕೇಳಿದರು. ಅವ್ವ ತಡವರಿಸದೆ ಉತ್ತರ ಕೊಟ್ಟಳು. ‘ಹಗಲು ಜೋಮು, ರಾತ್ರಿ ಉರಿ. ಸೆಳೆತ ಇಲ್ಲ.’ ಆ ಒಂದು ಸಾಲು ರಕ್ತ ಪರೀಕ್ಷೆಗೆ ದಾರಿ ಮಾಡಿತು. ಬಿ12 ಜೀವಸತ್ವ ತೀರಾ ತಳಕ್ಕಿಳಿದಿತ್ತು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆಯಾಗುವುದುಂಟು. ಮಾಂಸ, ಮೊಟ್ಟೆ ಮುಟ್ಟದವರಿಗೆ ಅದು ಮೊದಲೇ ಕಡಿಮೆ. ಅವ್ವನಿಗೆ ಎರಡೂ ಸೇರಿದ್ದವು. ಇಂಜೆಕ್ಷನ್ ಶುರುವಾದ ಮೇಲೆ ಕಾಲು ಪೂರ್ತಿ ಸರಿಹೋಗಲಿಲ್ಲ, ಆದರೆ ರಾತ್ರಿ ನಿದ್ದೆ ಬಂತು.

ವಯಸ್ಸಾದವರ ಆರೈಕೆ ಅಂದ ಕೂಡಲೇ ನಾವು ಮಂಚ, ಮಾತ್ರೆ, ಆಸ್ಪತ್ರೆ, ದುಡ್ಡು ಎಂದು ಲೆಕ್ಕ ಹಾಕುತ್ತೇವೆ. ಅವೆಲ್ಲ ಬೇಕು. ಅದಕ್ಕೂ ಮೊದಲು ಅವರು ಆಡಿದ ಮಾತು ಅವರು ಆಡಿದ ಹಾಗೆಯೇ ನಮ್ಮ ಕಿವಿಗೆ ಬೀಳಬೇಕು, ಹಾಗೆಯೇ ಡಾಕ್ಟರ ಕಿವಿಗೆ ಮುಟ್ಟಬೇಕು. ನಮ್ಮೂರು ಗುಮ್ಮಳಾಪುರದ ಕಡೆ ಇದು ಇನ್ನೂ ಹೆಚ್ಚು ನಿಜ. ಕನ್ನಡದ ವಚನ ಗ್ರಂಥವಾದ ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಒಬ್ಬರಾದ ಸಿದ್ಧಲಿಂಗ ಯತಿಗಳ ಹೆಸರಿನ ಹಿಂದೆ ಈ ಊರಿನ ಹೆಸರಿದೆ. ಹಾಗಿದ್ದೂ ನಕ್ಷೆಯಲ್ಲಿ ಇದು ತಮಿಳುನಾಡು. ಇಲ್ಲಿನ ಎಂಬತ್ತು ದಾಟಿದ ಹಿರಿಯರು ಮನೆಯ ಹೊಸ್ತಿಲು ಬದಲಿಸದೆ ಮೂರು ಜಿಲ್ಲೆ ಕಂಡವರು. ಹುಟ್ಟಿದಾಗ ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತರು, ಸಂತೆಯಲ್ಲಿ ತೆಲುಗು, ತಮಿಳು ಕಲಿತರು. ಹೊಸೂರಿಗೂ ತಳಿಗೂ ಹೋಗಿ ವ್ಯವಹಾರ ಮುಗಿಸಿಕೊಂಡು ಬರುವಷ್ಟು ಭಾಷೆ ಅವರಿಗುಂಟು. ಹಸು ಮಾರುವುದಕ್ಕೆ ಆ ಭಾಷೆ ಸಾಕು. ಎದೆಯೊಳಗೆ ಏನಾಗುತ್ತಿದೆ ಎಂದು ಹೇಳುವುದಕ್ಕೆ ಸಾಲದು.

ನೋವಿಗೆ ನಮ್ಮ ಹಿರಿಯರ ಬಾಯಲ್ಲಿರುವ ಮಾತುಗಳನ್ನು ಒಮ್ಮೆ ಕೂತು ಎಣಿಸಿ ನೋಡಿ. ಜೋಮು, ಉರಿ, ಸೆಳೆತ, ಚಳುಕು, ಹಿಡಿತ, ಕುಟುಕು, ನುಲಿತ, ಇರಿತ, ಸಂಕಟ, ತಳಮಳ, ಮರಗಟ್ಟುವುದು. ಒಂದೊಂದೂ ಬೇರೆ ಬೇರೆ ಬಾಗಿಲು ತೋರಿಸುತ್ತದೆ. ಜೋಮು ಮತ್ತು ಉರಿ ಪಾದದಿಂದ ಶುರುವಾಗಿ ಮೇಲೇರಿದರೆ ನರದ ಕಡೆ ನೋಡಬೇಕು. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಟ್ಟುಹೋದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಬೆಳಗ್ಗೆ ಎದ್ದಾಗ ಕೀಲು ಬಿಗಿದಿದ್ದು, ಓಡಾಡಿದಂತೆ ಸಡಿಲವಾದರೆ ಅದು ಕೀಲಿನ ಕತೆ. ಮಗ ಇವೆಲ್ಲವನ್ನೂ ‘ಕಾಲು ನೋವಂತೆ’ ಎಂಬ ಒಂದೇ ಮೂಟೆಯಲ್ಲಿ ಕಟ್ಟಿ ಡಾಕ್ಟರ ಮುಂದಿಟ್ಟರೆ ಒಳಗೇನಿದೆಯೋ ಅವರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಆಸ್ಪತ್ರೆಗೆ ಹೋಗುವ ಹಿಂದಿನ ದಿನವೇ ಅವರ ಪಕ್ಕ ಕೂತು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ. ಆಮೇಲೆ ತಮಿಳು ಚೆನ್ನಾಗಿ ಬಲ್ಲವರಿಂದ ಅದರ ಕೆಳಗೆ ತಮಿಳು ಬರೆಸಿ. ಅರ್ಧ ಹಾಳೆಯ ಕೆಲಸ ಇದು.

ಈಗ ತಮಿಳು ಚೆನ್ನಾಗಿ ಬಲ್ಲವರು ಮನೆಯ ಮೊಮ್ಮಕ್ಕಳು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಯಿತು. ಒಂದೇ ಸೂರಿನಡಿ ಅಜ್ಜಿ ಓದುವ ಅಕ್ಷರ ಮೊಮ್ಮಗಳಿಗೆ ಕಷ್ಟ, ಮೊಮ್ಮಗಳ ಅಕ್ಷರ ಅಜ್ಜಿಗೆ ಅಪರಿಚಿತ. ಆ ನೋವನ್ನು ಬೇರೆ ದಿನ ಬರೆಯೋಣ. ಮಾತ್ರೆಯ ಚೀಟಿ ಓದಿ ಹೇಳುವ ಕೆಲಸವನ್ನಂತೂ ಮೊಮ್ಮಕ್ಕಳಿಗೆ ಹಚ್ಚಬಹುದು. ಒಂದು ಎಚ್ಚರ ಇರಲಿ. ಎಲ್ಲ ಮಾತಿಗೂ ಮೊಮ್ಮಕ್ಕಳು ದುಭಾಷಿಯಾಗಲಾರರು. ಕೆಮ್ಮಿದರೆ ಮೂತ್ರ ಸೋರುತ್ತದೆ ಎಂದು, ಎದೆಯಲ್ಲೊಂದು ಗಂಟು ಸಿಕ್ಕಿದೆ ಎಂದು, ಮುಟ್ಟು ನಿಂತು ಇಪ್ಪತ್ತು ವರ್ಷವಾದ ಮೇಲೆ ರಕ್ತ ಕಂಡಿತೆಂದು ಹದಿನಾಲ್ಕರ ಹುಡುಗನ ಮೂಲಕ ಯಾವ ಅಜ್ಜಿ ಹೇಳಿಸುತ್ತಾಳೆ? ಹೇಳದೆ ಹಾಗೇ ಎದ್ದು ಬರುತ್ತಾಳೆ. ಆ ಮಾತಿಗೆ ಮಗಳೋ ಸೊಸೆಯೋ ಓರಗೆಯ ಹೆಣ್ಣುಮಗಳೋ ಜೊತೆಗಿರಬೇಕು.

ಹಿರಿಯರು ಅತಿ ಹೆಚ್ಚು ಸಲ ಹೇಳುವ ಮಾತು ಮಾತ್ರ ಜೋಮೂ ಅಲ್ಲ, ಉರಿಯೂ ಅಲ್ಲ. ‘ಏನಿಲ್ಲ ಕಣೋ, ಚೆನ್ನಾಗಿದೀನಿ’ ಎಂಬುದು. ಮಗ ಜಿಗಣಿಯಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುತ್ತಾನೆ, ರಾತ್ರಿ ಒಂಬತ್ತಕ್ಕೆ ಫೋನು ಮಾಡಿ ‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ’ ಅನ್ನುತ್ತಾನೆ. ಎರಡೂ ಪ್ರಶ್ನೆಗೆ ‘ಹೂಂ’ ಎಂಬುದೇ ಸುಲಭದ ಉತ್ತರ. ಹೂಂ ಎಂದು ಮುಗಿಸಲಾಗದ ಪ್ರಶ್ನೆ ಕೇಳಿ ನೋಡಿ. ‘ಇವತ್ತು ಯಾವ ಸಾರು ಮಾಡಿದ್ದೆ? ಅಂಗಡಿ ತನಕ ಹೋಗಿದ್ದೆಯಾ, ಯಾರು ಸಿಕ್ಕಿದ್ದರು? ರಾತ್ರಿ ಎಷ್ಟು ಸಲ ಎದ್ದೆ?’ ವಾರಗಟ್ಟಲೆ ಅಂಗಡಿ ತನಕ ಹೋಗಿಲ್ಲ ಎಂದರೆ ನಡೆಯಲು ಹೆದರುತ್ತಿದ್ದಾಳೆ. ರಾತ್ರಿ ನಾಲ್ಕು ಸಲ ಎದ್ದಳು ಎಂದರೆ ಸಕ್ಕರೆ ಏರಿರಬಹುದು, ಮೂತ್ರದ ಸೋಂಕಿರಬಹುದು, ಗಂಡಸಾದರೆ ಪ್ರಾಸ್ಟೇಟ್ ಊದಿರಬಹುದು. ಮಾಡಿದ ಸಾರು ನೆನಪಾಗಲಿಲ್ಲ ಎಂದರೆ ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ರಾತ್ರಿ ಏಳುವ ಮಾತು ಬಂತು. ಬೀಳುವುದು ಅಲ್ಲೇ. ‘ಎದ್ದೆ, ಕಣ್ಣು ಕತ್ತಲೆ ಬಂತು, ಅಷ್ಟೇ ಗೊತ್ತು’ ಎಂಬ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಮಲಗಿದವರು ದಡಕ್ಕನೆ ಎದ್ದು ನಿಂತಾಗ ರಕ್ತ ಕಾಲಿಗಿಳಿಯುತ್ತದೆ. ಎಳೆಯ ದೇಹ ಕ್ಷಣದಲ್ಲಿ ಅದನ್ನು ಸರಿಪಡಿಸಿಕೊಳ್ಳುತ್ತದೆ, ಮುದಿ ದೇಹಕ್ಕೆ ಹೊತ್ತು ಬೇಕು. ಬಿಪಿ ಮಾತ್ರೆ, ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಂಕ ಕುಸಿದರೆ ಅದು ಡಾಕ್ಟರಿಗೆ ಹೇಳಬೇಕಾದ ವಿಷಯ. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿ. ಏಳುವ ಕ್ರಮವನ್ನು ಅಭ್ಯಾಸ ಮಾಡಿಸಿ. ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಮಂಚದ ಅಂಚಿನಲ್ಲಿ ಕೂತು, ಪಾದ ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ, ಒಂದೆರಡು ನಿಮಿಷ ಬಿಟ್ಟು ನಿಲ್ಲುವುದು. ಮಂಚದ ಎತ್ತರ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟಿರಲಿ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ, ಪಟ್ಟಣದ ಪುಸ್ತಕಗಳು ಅದನ್ನು ಹೇಳುವುದಿಲ್ಲ. ಬಹಳಷ್ಟು ಹಳೆಯ ಮನೆಗಳಲ್ಲಿ ಕಕ್ಕಸು ಮನೆಯಿಂದ ಹೊರಗೆ, ಹಿತ್ತಿಲಿನ ಕೊನೆಯಲ್ಲಿ. ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಾಡಿನಿಂದ ಆನೆ ಹಿಂಡು ಜವಳಗಿರಿ, ತಳಿ ಕಡೆಗೆ ಇಳಿಯುತ್ತದೆ. ಆ ಚಳಿಯಲ್ಲಿ, ಆ ಕತ್ತಲಲ್ಲಿ, ಆನೆಯ ಭಯದಲ್ಲಿ ಹಿತ್ತಿಲಿಗೆ ಹೋಗಬೇಕಾದ ಮುದುಕಿ ಏನು ಮಾಡುತ್ತಾಳೆ? ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ, ಅದರ ಮೇಲೆ ಇದು. ಮಲಬದ್ಧತೆ, ಮೂತ್ರದ ಸೋಂಕು, ಬೆಳಗ್ಗೆ ತಲೆ ಸುತ್ತು. ಇಷ್ಟೂ ಸಮಸ್ಯೆಗೆ ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ ಇಟ್ಟರೆ ಮುಕ್ಕಾಲು ಪರಿಹಾರ. ಮೊದಲ ವಾರ ನಾಚುತ್ತಾರೆ. ‘ಮಲಗೋ ಜಾಗದಾಗೆ ಅಂಥದ್ದನ್ನ ಇಡಬ್ಯಾಡ’ ಎಂದು ಬೈಯುತ್ತಾರೆ. ಬೈಗುಳ ತಿಂದುಕೊಳ್ಳಿ, ಒಂದು ಪರದೆ ಕಟ್ಟಿ ಮರೆ ಮಾಡಿಕೊಡಿ, ಬೆಳಗ್ಗೆ ಅವರ ಕಣ್ಣೆದುರು ಮುಖ ಸಿಂಡರಿಸದೆ ತೊಳೆಯಿರಿ. ಮಾನ ಉಳಿಯುವುದು ಆ ತೊಳೆಯುವ ಮುಖದ ಮೇಲೆ.

ಬಚ್ಚಲಿನ ಬಗ್ಗೆ ಇಷ್ಟು. ಗೋಡೆಗೆ ಹಿಡಿಕಂಬಿ ಹಾಕಿಸಿ, ನಲ್ಲಿಯನ್ನೋ ಟವೆಲ್ಲಿನ ಕಡ್ಡಿಯನ್ನೋ ಹಿಡಿದು ಏಳುವುದು ಬೇಡ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ತೂಕದ ಸ್ಟೂಲು ವಾಸಿ. ಹರಳೆಣ್ಣೆ ತಿಕ್ಕಿಸಿಕೊಳ್ಳುವ ಆಸೆ ಹಿರಿಯರಿಗೆ ಸಾಯುವವರೆಗೂ ಇರುತ್ತದೆ, ಅದನ್ನು ತಪ್ಪಿಸಬಾರದು. ಎಣ್ಣೆ ಹಚ್ಚುವುದು ಬಚ್ಚಲಿನ ಹೊರಗೆ, ಗೋಣಿಚೀಲದ ಮೇಲೆ ಕೂರಿಸಿ. ಪಾದದ ಅಡಿಗೆ ಮಾತ್ರ ಬೇಡ. ಹಂಡೆಯ ನೀರನ್ನು ನಿಮ್ಮ ಮೊಣಕೈ ಅದ್ದಿ ನೋಡಿಯೇ ಹಾಕಿ, ಏಕೆಂದರೆ ಜೋಮು ಹಿಡಿದ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ತಳಿಯ ಸುತ್ತಿನ ಚಳಿಗೆ ಒಲೆಯ ಮುಂದೆ ಕಾಲು ಚಾಚಿ ಕೂರುವವರ ಹಿಮ್ಮಡಿಯನ್ನು ದಿನಾ ರಾತ್ರಿ ಒಮ್ಮೆ ತಿರುಗಿಸಿ ನೋಡಬೇಕಾದದ್ದೂ ಇದಕ್ಕೇ. ಒಬ್ಬರ ಬೆರಳಿನ ಸಂದಿಯಲ್ಲಿ ಬೊಬ್ಬೆ ಎದ್ದು ಒಡೆದು ಕೀವಾಗಿ ಕಾಲುಚೀಲದ ಒಳಗೇ ಮೂರು ದಿನ ಇದ್ದದ್ದನ್ನು ನಾನು ಕಂಡಿದ್ದೇನೆ. ವಾಸನೆ ಬಂದ ಮೇಲೆ ಮನೆಯವರಿಗೆ ತಿಳಿಯಿತು. ಅವರಿಗೆ ನೋವೇ ಇರಲಿಲ್ಲ.

ಇನ್ನು ‘ಸಂಕಟ’. ಈ ಮಾತನ್ನು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಹೋಗಬೇಕು. ಹೃದಯಾಘಾತ ಎಂದರೆ ಎದೆ ಹಿಡಿದುಕೊಂಡು ಕುಸಿಯುವುದು ಎಂದು ಸಿನಿಮಾ ನಮಗೆ ಕಲಿಸಿದೆ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಅದು ಬರಬಹುದು. ‘ಒಂಥರಾ ಸಂಕಟ, ಬೆವರು, ಉಸಿರು ಸಾಲ್ತಿಲ್ಲ, ವಾಂತಿ ಬಂದಂಗೆ’ ಎಂಬುದಷ್ಟೇ ಸುಳಿವು. ನಮ್ಮವರು ಗ್ಯಾಸು ಎಂದು ಸೋಡಾ ಕುಡಿಸಿ ಮಲಗಿಸುತ್ತಾರೆ. ಹಾಗೆ ಕಳೆದ ಒಂದೊಂದು ಗಂಟೆಯಲ್ಲೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. 108ಕ್ಕೆ ಕರೆ ಮಾಡುವುದೊಂದೇ ದಾರಿ. ಗಡಿಯ ಮನೆಗಳವರು ಫೋನಿನ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಬೇಕು: ಊರು ಗುಮ್ಮಳಾಪುರ, ಡೆಂಕಣಿಕೋಟೆ ತಾಲ್ಲೂಕು, ಕೃಷ್ಣಗಿರಿ ಜಿಲ್ಲೆ, ತಮಿಳುನಾಡು, ಮನೆಯ ಗುರುತು. ಕನ್ನಡದಲ್ಲೂ ತಮಿಳಿನಲ್ಲೂ. ಗಾಬರಿಯಲ್ಲಿ ತಮ್ಮ ಜಿಲ್ಲೆಯ ಹೆಸರನ್ನೇ ಮರೆತವರಿದ್ದಾರೆ.

ಊಟದ ವಿಷಯದಲ್ಲಿ ‘ಬ್ಯಾಡ’ ಎಂಬ ಮಾತಿಗೆ ಹತ್ತು ಅರ್ಥ. ಹಲ್ಲು ಇಲ್ಲದ್ದಕ್ಕೆ ಬೇಡ, ಬಾಯಿ ಒಣಗಿದ್ದಕ್ಕೆ ಬೇಡ, ಒಬ್ಬಳೇ ಕೂತು ಉಣ್ಣಲು ಬೇಸರಕ್ಕೆ ಬೇಡ, ಹೊಸ ಮಾತ್ರೆ ರುಚಿ ಕೆಡಿಸಿದ್ದಕ್ಕೆ ಬೇಡ. ನುಂಗಲು ಹೆದರಿಕೆಯಾಗಿಯೂ ಬೇಡ. ಕೊನೆಯದನ್ನು ನಮ್ಮ ಸೀಮೆಯಲ್ಲಿ ವಿಶೇಷವಾಗಿ ನೋಡಬೇಕು, ಏಕೆಂದರೆ ನಮ್ಮದು ಮುದ್ದೆಯ ಊಟ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಲಕ್ವ ಹೊಡೆದವರಿಗೆ, ಪಾರ್ಕಿನ್ಸನ್ ಇರುವವರಿಗೆ ಗಂಟಲಿನ ಸ್ನಾಯು ಮೊದಲಿನಂತೆ ಕೆಲಸ ಮಾಡುವುದಿಲ್ಲ, ಮುದ್ದೆಯ ತುತ್ತು ಅಡ್ಡ ಸಿಕ್ಕರೆ ಜೀವಕ್ಕೆ ಅಪಾಯ. ಇನ್ನೊಂದನ್ನು ಬಹಳ ಜನ ಗಮನಿಸಿಲ್ಲ. ಇಂಥವರಿಗೆ ತೆಳ್ಳನೆಯ ನೀರೇ ಹೆಚ್ಚು ಕಷ್ಟ. ಊಟ ಸಲೀಸಾಗಿ ಆಗಿ, ನೀರು ಕುಡಿದಾಗ ಕೆಮ್ಮು ಬಂತು, ಮಾತು ಗೊರಗೊರ ಎಂದಿತು ಅಂದರೆ ನೀರು ಶ್ವಾಸಕೋಶದ ದಾರಿ ಹಿಡಿಯುತ್ತಿದೆ. ಆಗ ರಾಗಿ ಅಂಬಲಿಯನ್ನು ಚಮಚದಿಂದ ನಿಧಾನ ಜಾರುವಷ್ಟು ಗಟ್ಟಿ ಮಾಡಿ ಕೊಡುವುದು ವಾಸಿ. ಬೆನ್ನು ನೆಟ್ಟಗಿಟ್ಟು ಕೂರಿಸಿ, ಗಲ್ಲ ಕೊಂಚ ಎದೆಯ ಕಡೆ ಬಾಗಿಸಿ, ಚಿಕ್ಕ ತುತ್ತು, ನುಂಗಿದ ಮೇಲೆ ಇನ್ನೊಂದು. ಉಂಡ ಅರ್ಧ ಗಂಟೆ ಮಲಗಿಸಬೇಡಿ. ನುಂಗುವ ತೊಂದರೆ ಶುರುವಾಯಿತೆಂದರೆ ಡಾಕ್ಟರಿಗೂ ತೋರಿಸಿ, ತಾನಾಗಿ ಹೋಗುವ ಕೆಮ್ಮಲ್ಲ ಅದು.

ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ, ಯಾವ ಅಕ್ಕಿ ಗೋಧಿಯೂ ಹತ್ತಿರ ಬರುವುದಿಲ್ಲ. ಆದರೆ ರಾಗಿ ಉಣ್ಣುವವರಿಗೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ತಪ್ಪು. ರಾಗಿಯೂ ಪಿಷ್ಟವೇ, ಅಂಬಲಿ ಮಾಡಿದರೆ ಮುದ್ದೆಗಿಂತ ಬೇಗ ರಕ್ತಕ್ಕೆ ಸೇರುತ್ತದೆ. ಹಿರಿಯರ ತಟ್ಟೆಯಲ್ಲಿ ನಿಜವಾಗಿ ಕಡಿಮೆ ಬೀಳುವುದು ಪ್ರೋಟೀನು. ಕಿಲೋ ತೂಕಕ್ಕೆ ಒಂದು ಗ್ರಾಂ ಎಂದು ಲೆಕ್ಕ, 50 ಕಿಲೋದವರಿಗೆ ದಿನಕ್ಕೆ 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮುದ್ದೆ ಮತ್ತು ತಿಳಿಸಾರಿನಲ್ಲಿ ದಿನ ತಳ್ಳಿದರೆ ಆ ಲೆಕ್ಕ ತುಂಬುವುದಿಲ್ಲ, ತೊಡೆ ಕರಗುತ್ತದೆ, ಏಳುವಾಗ ಕೈಯೂರಬೇಕಾಗುತ್ತದೆ. ಹುರುಳಿ ಕಟ್ಟಿನ ಜೊತೆ ಬೆಂದ ಕಾಳನ್ನೂ ಅರೆದು ಹಾಕಿ, ಅವರೆಯ ಕಾಲದಲ್ಲಿ ಹಿತಕಿದ ಬೇಳೆ ಮಾಡಿ. ಮೂತ್ರಪಿಂಡ ಸೋತವರ ಲೆಕ್ಕ ಮಾತ್ರ ಬೇರೆ, ಅವರು ಡಾಕ್ಟರನ್ನು ಕೇಳಿಯೇ ನಡೆಯಬೇಕು. ಇನ್ನು ಶಿವರಾತ್ರಿ, ಏಕಾದಶಿ. ಉಪವಾಸ ಬಿಡು ಎಂದರೆ ಹಿರಿಯರು ಕೇಳುವುದಿಲ್ಲ, ಅವರ ಭಕ್ತಿ ನಮ್ಮ ಭಯಕ್ಕಿಂತ ಹಳೆಯದು. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಬಹುದು. ಹಬ್ಬಕ್ಕೆ ವಾರ ಮೊದಲೇ ಡಾಕ್ಟರ ಬಳಿ ಹೋಗಿ ಆ ದಿನದ ಮಾತ್ರೆ ಏನು ಮಾಡಬೇಕೆಂದು ಕೇಳಿ ಬನ್ನಿ.

ಮಾತ್ರೆಯ ಚೀಲವನ್ನು ನೆಲದ ಮೇಲೆ ಸುರಿದು ನೋಡುವ ಕೆಲಸವನ್ನು ಈ ಭಾನುವಾರವೇ ಮಾಡಿ. ಅವ್ವನ ಚೀಲ ಸುರಿದಾಗ ಅಮ್ಲೋಡಿಪಿನ್ ಎಂಬ ಒಂದೇ ಬಿಪಿ ಮದ್ದು ಎರಡು ಹೆಸರಿನಲ್ಲಿ ಸಿಕ್ಕಿತು. ಒಂದು ಸರ್ಕಾರದ್ದು, ಒಂದು ಬೆಂಗಳೂರಿನಿಂದ ತಂದದ್ದು. ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದಳು. ಕಾಲು ಊದಿದ್ದಕ್ಕೆ ಅದೂ ಒಂದು ಕಾರಣ. ಗಡಿಯ ಮನೆಗಳಲ್ಲಿ ಇದು ಸಾಮಾನ್ಯ. ಈ ಕಡೆ ಒಬ್ಬ ಡಾಕ್ಟರು, ಆ ಕಡೆ ಒಬ್ಬ ಡಾಕ್ಟರು, ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಮಾತ್ರೆಯ ಪಟ್ಟಿಯ ಮೇಲೆ ಎರಡು ಹೆಸರಿರುತ್ತವೆ, ಒಂದು ಕಂಪನಿ ಇಟ್ಟ ಹೆಸರು, ಇನ್ನೊಂದು ಮದ್ದಿನ ನಿಜವಾದ ಹೆಸರು. ಹೋಲಿಸಬೇಕಾದದ್ದು ಆ ನಿಜವಾದ ಹೆಸರನ್ನು. ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಯನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ತಂದುಕೊಡುವುದು ಹಿರಿಯರ ಮೂತ್ರಪಿಂಡಕ್ಕೆ ನಾವೇ ಮಾಡುವ ಕೇಡು. ನಾನು ಮಾಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಸರ್ಕಾರದ ಮಾತ್ರೆ ಎಂದೆನಲ್ಲ, ಅದು ಈಗ ಮನೆ ಬಾಗಿಲಿಗೆ ಬರುತ್ತದೆ. ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯ. 2021ರ ಆಗಸ್ಟ್ 5ರಂದು ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅದನ್ನು ಆರಂಭಿಸಿದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಮಹಿಳಾ ಆರೋಗ್ಯ ಸ್ವಯಂಸೇವಕಿಯರು ಬಿಪಿ, ಸಕ್ಕರೆ ನೋಡಿ ಮಾತ್ರೆ ಕೊಡುತ್ತಾರೆ ಎಂಬುದಷ್ಟೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದೇ ಯೋಜನೆಯಲ್ಲಿ ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಉಪಶಮನ ಆರೈಕೆ ಕೊಡುವ ನರ್ಸಿದ್ದಾರೆ, ಲಕ್ವ ಹೊಡೆದವರಿಗೆ ಮನೆಯಲ್ಲೇ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಇದ್ದಾರೆ. ಕೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಬೇಕು. ನಮ್ಮವರು ಭಾಷೆಯ ಸಂಕೋಚಕ್ಕೆ ಕೇಳದೆ ಉಳಿದು, ಕಾರು ಮಾಡಿಕೊಂಡು ಬೆಂಗಳೂರಿಗೆ ಓಡುತ್ತಾರೆ. ಮೇಲೆ ಹೇಳಿದ ಅರ್ಧ ಹಾಳೆ ಇಲ್ಲೂ ಕೆಲಸಕ್ಕೆ ಬರುತ್ತದೆ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಎಲ್ಲರೂ ಹೇಳುವ ಮಾತು, ಮಾಡಿದವರಿಗೇ ಗೊತ್ತು ಅದರ ಕಷ್ಟ. ಪೂರ್ತಿ ಮಗ್ಗುಲಾಗಿಸಬೇಕಿಲ್ಲ. ಬೆನ್ನ ಹಿಂದೆ ದಿಂಬು ಕೊಟ್ಟು ಕೊಂಚ ಓರೆ ಮಾಡಿದರೆ ಸಾಕು. ಎರಡು ಮೊಣಕಾಲಿನ ನಡುವೆ ಮಡಿಸಿದ ಹಳೇ ಸೀರೆ, ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ. ಸೊಂಟದ ಕೆಳಗೆ, ಹಿಮ್ಮಡಿ, ಪಿರ್ರೆ ಮೂಳೆಯ ಮೇಲೆ ಕೆಂಪು ಕಂಡರೆ ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಚರ್ಮದ ಕೆಳಗೆ ಶುರುವಾಗಿದೆ. ಕಪ್ಪು ಮೈಯಲ್ಲಿ ಕೆಂಪು ಕಾಣದು, ಬಿಸಿಯನ್ನೋ ಗಡಸನ್ನೋ ಕೈಯಿಂದ ಮುಟ್ಟಿ ತಿಳಿಯಬೇಕು. ಆ ಜಾಗವನ್ನು ಎಣ್ಣೆ ಹಾಕಿ ತಿಕ್ಕಬೇಡಿ, ಒಳಗಿನ ಮಾಂಸ ಇನ್ನೂ ಹರಿಯುತ್ತದೆ. ಭಾರ ತಪ್ಪಿಸಿ, ಒಣಗಿಸಿ, ನರ್ಸಿಗೆ ತೋರಿಸಿ.

ಈ ಎಲ್ಲವನ್ನೂ ಯಾರು ಮಾಡುತ್ತಾರೆ? ನಾನು ‘ಮಾಡಿ, ನೋಡಿ’ ಎಂದು ಸಾಲು ಸಾಲು ಬರೆದೆ. ಬಹುಪಾಲು ಮನೆಗಳಲ್ಲಿ ಅದನ್ನು ಮಾಡುವವಳು ಸೊಸೆ. ಹಗಲು ಹೊಲ, ಹಸು, ಮಕ್ಕಳ ಊಟ, ನಡುರಾತ್ರಿ ಅತ್ತೆಯ ಮಗ್ಗುಲು. ಭಾನುವಾರ ಸೇಬು, ಮೂಸಂಬಿ ಹಿಡಿದು ಬರುವ ಮಗ ತಾಯಿಯ ಬೆನ್ನು ನೋಡಿ ‘ಇಷ್ಟೂ ನೋಡ್ಕಳಕ್ಕಾಗಲ್ವಾ’ ಎಂದು ಹೆಂಡತಿಯ ಮೇಲೆಯೋ ಅತ್ತಿಗೆಯ ಮೇಲೆಯೋ ರೇಗುತ್ತಾನೆ. ಅವನ ಪ್ರೀತಿ ಸುಳ್ಳಲ್ಲ. ಆದರೆ ತಿಂಗಳಿಗೊಮ್ಮೆಯಾದರೂ ಒಂದು ಹಗಲು ಒಂದು ರಾತ್ರಿ ಪೂರ್ತಿ ಅವನೇ ಎಲ್ಲವನ್ನೂ ಮಾಡಿ, ಅವಳನ್ನು ತವರಿಗೆ ಕಳಿಸಿ ನೋಡಲಿ. ಹಣ್ಣಿಗಿಂತ ಅದು ತಾಯಿಗೂ ಹಿತ. ಕೈ ಸೋತವಳ ಆರೈಕೆ ಒರಟಾಗುತ್ತದೆ, ಅದು ಅವಳ ದೋಷವಲ್ಲ.

ಒರಟುತನ ದೋಷವಾಗುವ ಮನೆಗಳೂ ಇವೆ. ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಊಟ ಹಾಕದವರು ಇದ್ದಾರೆ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆ ಅಂಥವರಿಗಾಗಿಯೇ ಬಂದದ್ದು. ಉಪವಿಭಾಗದ ಮಟ್ಟದ ನ್ಯಾಯಮಂಡಳಿಗೆ ವಕೀಲರಿಲ್ಲದೆಯೇ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ 23ನೇ ಕಲಂ ಪ್ರಕಾರ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಆ ಷರತ್ತು ಪತ್ರದಲ್ಲಿ ಬರಹದಲ್ಲಿರಲಿ, ಪತ್ರವನ್ನು ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. 14567 ಎಂಬುದು ಹಿರಿಯರ ಉಚಿತ ಸಹಾಯವಾಣಿ. ತಮಿಳುನಾಡಿನಲ್ಲಿ 2023ರಲ್ಲಿ 1,000ದಿಂದ 1,200ಕ್ಕೇರಿಸಿದ ಮುದಿಯೋರ್ (ವೃದ್ಧಾಪ್ಯ) ಪಿಂಚಣಿಯ ದುಡ್ಡು ಕೂಡ ಅವರ ಕೈಗೇ ಹೋಗಲಿ. ಎಲೆ ಅಡಿಕೆಗೋ, ಮೊಮ್ಮಗುವಿನ ಕಡ್ಲೆಮಿಠಾಯಿಗೋ, ಅವರೇ ಎಣಿಸಿ ಕೊಡಲಿ.

ಕೊನೆಗೆ ಒಂದು ಮಾತು ಉಳಿಯಿತು. ‘ಮನೆಗೆ ಹೋಗಾನ ಬಾ.’

ಸ್ವಂತ ಮನೆಯಲ್ಲೇ ಕೂತು, ಸಂಜೆಯಾಗುತ್ತಿದ್ದಂತೆ ಸೆರಗು ಸರಿಮಾಡಿಕೊಂಡು ಹಿರಿಯರು ಹೀಗೆನ್ನಲು ಶುರುಮಾಡಿದರೆ ಎದೆ ಧಸಕ್ಕೆನ್ನುತ್ತದೆ. ಮೊದಲು ಒಂದನ್ನು ವಿಂಗಡಿಸಿಕೊಳ್ಳಬೇಕು. ನಿನ್ನೆ ಮೊನ್ನೆಯವರೆಗೆ ಸರಿಯಿದ್ದವರು ಒಂದೆರಡು ದಿನದಲ್ಲಿ ಗೊಂದಲಕ್ಕೆ ಬಿದ್ದರೆ ಅದು ಮರೆವಿನ ಕಾಯಿಲೆ ಅಲ್ಲದಿರಬಹುದು. ಮೂತ್ರದ ಸೋಂಕು, ಉಪ್ಪಿನಂಶ ಇಳಿದದ್ದು, ಸಕ್ಕರೆ ಇಳಿದದ್ದು, ಹೊಸ ಮಾತ್ರೆ, ನಾಲ್ಕು ದಿನದ ಮಲಬದ್ಧತೆ, ಯಾವುದಾದರೂ ಇರಬಹುದು. ಅದಕ್ಕೆ ತುರ್ತಾಗಿ ಆಸ್ಪತ್ರೆ ಬೇಕು, ಬೇಗ ಹೋದರೆ ಬಹುಮಟ್ಟಿಗೆ ಸರಿಯಾಗುತ್ತದೆ. ವರ್ಷಗಳಲ್ಲಿ ನಿಧಾನವಾಗಿ ಕವಿದು ಬಂದದ್ದಾದರೆ ಅದು ಡಿಮೆನ್ಶಿಯಾ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ವಿಭಾಗವಿದೆ, ಒಮ್ಮೆ ತೋರಿಸಿ ಬರುವುದು ಒಳ್ಳೆಯದು, ಬಿ12 ಮತ್ತು ಥೈರಾಯ್ಡ್ ಕೊರತೆಯೂ ಮರೆವು ತರುತ್ತದೆ.

ಡಿಮೆನ್ಶಿಯಾದಲ್ಲಿ ಭಾಷೆ ಹೋಗುವುದಕ್ಕೂ ಒಂದು ಕ್ರಮವುಂಟು. ಹಲವರಲ್ಲಿ ಕಡೆಗೆ ಕಲಿತದ್ದು ಮೊದಲು ಹೋಗುತ್ತದೆ. ಸಂತೆಯ ತಮಿಳು ಹೋಗುತ್ತದೆ, ತೆಲುಗು ಹೋಗುತ್ತದೆ, ತಾಯ ಮಡಿಲಿನ ಮಾತು ಉಳಿಯುತ್ತದೆ. ಅರವತ್ತು ವರ್ಷ ತಮಿಳಿನಲ್ಲಿ ವ್ಯಾಪಾರ ಮಾಡಿದ ನಮ್ಮೂರಿನ ಹಿರಿಯರೊಬ್ಬರು ಕೊನೆಯ ವರ್ಷ ತಮಿಳಿನಲ್ಲಿ ಮಾತಾಡಿಸಿದರೆ ಗೋಡೆ ನೋಡುತ್ತಿದ್ದರು. ಅವರನ್ನು ನೋಡಿಕೊಳ್ಳಲು ಬಂದ ಹೆಣ್ಣುಮಗಳಿಗೆ ಕನ್ನಡ ಬಾರದು. ಮನೆಯವರು ಅವಳಿಗೆ ಹನ್ನೆರಡು ಮಾತು ಕಲಿಸಿದರು. ನೀರು ಬೇಕಾ, ನೋವಾ, ಚಳಿಯಾ, ಎದ್ದೇಳ್ತೀರಾ, ಹೆದರಬೇಡಿ, ನಾನಿದೀನಿ. ಅವಳು ಅದನ್ನು ತಮಿಳು ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಮಂಚದ ತಲೆಗೆ ಸಿಕ್ಕಿಸಿದ್ದಳು. ಮೂರನೇ ದಿನ ಅವರು ಅವಳ ಕೈಯಿಂದ ಉಂಡರು.

ಅವ್ವನಿಗೂ ಈಗೀಗ ಸಂಜೆ ಹೊತ್ತು ಮನೆಗೆ ಹೋಗಬೇಕೆನಿಸುತ್ತದೆ. ಇದೇ ನಿನ್ನ ಮನೆ ಎಂದು ಮೊದಮೊದಲು ವಾದ ಮಾಡಿದೆ. ಅವಳ ಮುಖದಲ್ಲಿ ಹೆದರಿಕೆ ಹೆಚ್ಚಿತು. ಈಗ ವಾದ ಮಾಡುವುದಿಲ್ಲ. ದೀಪ ಬೇಗ ಹಚ್ಚುತ್ತೇನೆ, ನೆರಳು ಗೋಡೆಯ ಮೇಲೆ ಆಡಿದರೆ ಅವಳಿಗೆ ಗಾಬರಿ. ಹಿಂದಿನ ಬಾಗಿಲಿಗೆ ಅಗುಳಿ ಹಾಕಿ ಪಕ್ಕಕ್ಕೆ ಬಂದು ಕೂರುತ್ತೇನೆ. ‘ಹೋಗಾನ. ನಿಮ್ಮನೆ ಮುಂದೆ ಏನೈತೆ ಅವ್ವ?’

‘ಹುಣಸೇಮರ’ ಅನ್ನುತ್ತಾಳೆ.

‘ಯಾರಿದಾರೆ ಅಲ್ಲಿ?’

‘ನಮ್ಮವ್ವ. ರಾಗಿ ಬೀಸ್ತಾವಳೆ.’

ಕಾಲಿನ ಮೇಲೆ ಕಂಬಳಿ ಎಳೆದು, ಹಿಮ್ಮಡಿ ಮುಟ್ಟಿ ನೋಡುತ್ತಾ ಮುಂದಿನದನ್ನು ಕೇಳುತ್ತೇನೆ. ಅವಳು ಹೇಳುತ್ತಾ ಹೋಗುತ್ತಾಳೆ.